ಅಳಿಯನಿಗೆ ಬಿಟ್ಟ ಪೆಂಟ್ಯಾಕ್ಸು

ಬಾರ್ಕೂರಿನಲ್ಲಿ ಸೋದರಮಾವನ ಮಾತಿಗೆ ಒಂದು ಕಾಲದಲ್ಲಿ ತೂಕವಿತ್ತು. ಮಾತಿನ ಹಿಂದೆ ಗದ್ದೆ ಇತ್ತಲ್ಲ! ಅಳಿಯಸಂತಾನ ಕಟ್ಟು ಶುರುವಾದದ್ದು ಈ ಊರಲ್ಲೇ ಎಂದು ಕತೆ. ಕುಂಡೋದರ ಭೂತ ನರಬಲಿ ಕೇಳಿತು, ಅರಸನ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕಳಿಸಿದಳು. ಭೂತ ಮೆಚ್ಚಿ ಆ ಹುಡುಗನನ್ನೇ ಪಟ್ಟಕ್ಕೆ ಕೂರಿಸಿತು, ಅವನೇ ಭೂತಾಳ ಪಾಂಡ್ಯ, ಅಂದಿನಿಂದ ಆಸ್ತಿ ಅಳಿಯನಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ನನ್ನ ಹತ್ತಿರ ಗದ್ದೆಯೂ ಇಲ್ಲ. ನಿನಗೆ ಬಿಟ್ಟುಹೋಗಲು ಇರುವುದು ಲೆನ್ಸಿನ ಒಳಗೆ ಬೂಸಲು ಹಿಡಿದ ಒಂದು ಪೆಂಟ್ಯಾಕ್ಸ್ ಕೆ-1000 ಕ್ಯಾಮರಾ, ಮತ್ತೆ ನಲವತ್ತು ವರ್ಷ ಮದುವೆ ಮನೆಗಳಲ್ಲಿ ನಿಂತು ಕಾಲು ನೋಯಿಸಿಕೊಂಡು ಕಲಿತ ಇಷ್ಟು ಮಾತು.

ಮೊನ್ನೆ ನೀನು ಫೋನ್ ಮಾಡಿದಾಗ ಖುಷಿಯೂ ಆಯಿತು, ಹೊಟ್ಟೆಯೊಳಗೆ ಸ್ವಲ್ಪ ಕಸಿವಿಸಿಯೂ ಆಯಿತು. ಇಷ್ಟು ದಿನ ಇನ್ನೊಬ್ಬರ ಹಿಂದೆ ಲೈಟು ಹಿಡಿದವ, ಎರಡನೇ ಕ್ಯಾಮರಾ ಹೊತ್ತವ, ಈಗ ಒಂದು ಇಡೀ ಮದುವೆಯನ್ನು ನಿನ್ನ ಹೆಸರಿನಲ್ಲಿ ಒಪ್ಪಿಕೊಂಡಿದ್ದೀಯ. ಬೆಂಗಳೂರಿನ ವಿಜಯನಗರದ ಕಡೆ ಒಂದು ಮದುವೆ ಹಾಲು. ಹೆಣ್ಣಿನವರು ನಮ್ಮ ಚೌಳಿಕೇರಿ ಮೂಲದವರು, ಗಂಡಿನವರು ಮಂಡ್ಯ ಕಡೆಯವರು. ಬೆಳಿಗ್ಗೆ ಹೆಣ್ಣಿಗೆ ಜಡೆ ಹೆಣೆಯುವಲ್ಲಿಂದ ರಾತ್ರಿ ಆರತಕ್ಷತೆಯ ಕೊನೆಯ ನೆಂಟ ಇಳಿದು ಹೋಗುವಲ್ಲಿವರೆಗೆ ಎಲ್ಲ ನಿನ್ನ ತಲೆಯ ಮೇಲೆ. "ಮಾವ, ಲೆನ್ಸ್ ಯಾವುದು ತಕಂಡ್ ಹೋಪುದು?" ಎಂದು ಕೇಳಿದೆ. ಲೆನ್ಸಿನ ವಿಷಯ ನನಗಿಂತ ನಿನಗೇ ಹೆಚ್ಚು ಗೊತ್ತು. ನನಗೆ ಗೊತ್ತಿರುವುದು ಬೇರೆ.

ಮೊದಲು ಹಾಲನ್ನು ನೋಡಿ ಬಾ. ಖಾಲಿ ಇರುವಾಗ ಒಮ್ಮೆ, ಬೇರೆ ಯಾರದೋ ಮದುವೆ ನಡೆಯುವಾಗ ಇನ್ನೊಮ್ಮೆ. ಧಾರೆ ಎಷ್ಟು ಗಂಟೆಗೋ ಅದೇ ಗಂಟೆಗೆ ಹೋಗಬೇಕು. ನಾವು ಮನೆಯಂಗಳದ ಚಪ್ಪರದಲ್ಲಿ ಪಟ ತೆಗೆದವರು. ನಮ್ಮ ಕಡೆಯ ಹೇಳಿಕೆ ಕಾಗದಗಳಲ್ಲಿ ಹೆಚ್ಚಾಗಿ ಅಭಿಜಿನ್ ಮುಹೂರ್ತವೇ ಇರುವುದು, ಅಂದರೆ ನಡು ಮಧ್ಯಾಹ್ನ. ಏಪ್ರಿಲ್ ಕೊನೆಯ ವಾರ ನಮ್ಮೂರಲ್ಲಿ ಹನ್ನೆರಡೂವರೆಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಬೆಳಕು ಮೇಲಿಂದ ಸುರಿದು ಕಣ್ಣಿನ ಗುಳಿಗಳೆಲ್ಲ ಕಪ್ಪು. ಚಪ್ಪರದ ಮಡಲಿನ ಸಂದಿಯಿಂದ ಇಳಿದ ಬಿಸಿಲು ಮದುಮಗಳ ಮುಖದ ಮೇಲೆ ನಾಲ್ಕಾಣೆ ಎಂಟಾಣೆಯಂತೆ ಬಿದ್ದಿರುತ್ತಿತ್ತು. ನನ್ನ ಗುರುಗಳು ಅದಕ್ಕೊಂದು ಉಪಾಯ ಮಾಡುತ್ತಿದ್ದರು: ಮನೆಯವರ ಹತ್ತಿರ ಒಗೆದ ಬಿಳಿ ಪಂಚೆ ಕೇಳಿ ಮಂಟಪದ ಎದುರು ನೆಲಕ್ಕೆ ಹಾಸಿಸುವುದು. ಮದುವೆ ಶಾಸ್ತ್ರದಲ್ಲಿ ಅದೂ ಒಂದು ಎಂದು ಜನ ತಿಳಿಯುತ್ತಿದ್ದರು, ತುಳಿಯುತ್ತಿರಲಿಲ್ಲ. ನೆಲದಿಂದ ಮೇಲೆ ಪುಟಿದ ಬೆಳಕು ಗಲ್ಲದ ಕೆಳಗಿನ ನೆರಳನ್ನು ಅಳಿಸುತ್ತಿತ್ತು. ಈಗಿನ ರಿಫ್ಲೆಕ್ಟರ್ ಮಾಡುವ ಕೆಲಸವೂ ಅದೇ.

ನಿನ್ನ ಹಾಲಿನಲ್ಲಿ ಸೂರ್ಯನೇ ಇಲ್ಲ. ಅಲ್ಲಿ ಇರುವುದು ಎಲ್‌ಇಡಿ ಸಂತೆ: ಮಂಟಪಕ್ಕೆ ಹಳದಿ, ಹಿಂದೆ ನೇರಳೆ, ಪಕ್ಕದಲ್ಲಿ ಗೋಡೆಯಷ್ಟು ದೊಡ್ಡ ಪರದೆ. ನೇರಳೆ ಬೆಳಕು ಮುಖಕ್ಕೆ ಬಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಏನು ತಿಕ್ಕಿದರೂ ಹೋಗುವುದಿಲ್ಲ. ಡೆಕೊರೇಶನ್ ಹುಡುಗರ ಹತ್ತಿರ ಹಿಂದಿನ ದಿನವೇ ಚಾ ಕುಡಿದು ಮಾತಾಡು, ಧಾರೆಯ ಅರ್ಧ ಗಂಟೆ ಮಾತ್ರ ಆ ಬಣ್ಣದ ದೀಪಗಳನ್ನು ಮದುಮಕ್ಕಳ ಮುಖದಿಂದ ತಿರುಗಿಸಲು ಹೇಳು. ಗದರಿ ಹೇಳಿದರೆ ಆಗುವುದಿಲ್ಲ, ಚಾ ಬೇಕು. ಇನ್ನೊಂದು, ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಅಗ್ಗದ ಎಲ್‌ಇಡಿ ಅದಕ್ಕೆ ಸರಿಯಾಗಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದು, ಕ್ಯಾಮರಾಕ್ಕೆ ಕಾಣುತ್ತದೆ. ನೂರನೇ ಒಂದರಲ್ಲೋ ಐವತ್ತನೇ ಒಂದರಲ್ಲೋ ತೆಗೆದರೆ ಪಟದಲ್ಲಿ ಪಟ್ಟೆ ಬೀಳುವುದಿಲ್ಲ. ಪರದೆಯ ಮಿಣುಕು ಬೇರೆ ಲೆಕ್ಕ, ಅದನ್ನು ಅಲ್ಲೇ ನಿಂತು ಪರೀಕ್ಷೆ ಮಾಡಿಯೇ ತಿಳಿಯಬೇಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಎಂದು ಹಿಗ್ಗಿದ್ದೀಯಲ್ಲ, ಎಲ್‌ಇಡಿ ಬೆಳಕಿನಲ್ಲಿ ಪಟ್ಟೆ ತರಿಸುವವ ಅವನೇ.

ಬೆಂಗಳೂರಿನ ಮದುವೆಯ ಗಡಿಯಾರ ನಮ್ಮದರಂತೆ ಅಲ್ಲ. ಇಲ್ಲಿ ಹನ್ನೊಂದಕ್ಕೆ ದಿಬ್ಬಣ, ನಡು ಮಧ್ಯಾಹ್ನ ಧಾರೆ, ಒಂದಕ್ಕೆ ಊಟ, ನಾಲ್ಕಕ್ಕೆ ಚಪ್ಪರ ಖಾಲಿ. ಅಲ್ಲಿ ಬಹಳ ಕಡೆ ಹಿಂದಿನ ಸಂಜೆಯೇ ಆರತಕ್ಷತೆ ಮುಗಿಸಿ, ಮರುದಿನ ಬೆಳ್ಳಂಬೆಳಿಗ್ಗೆ ಮುಹೂರ್ತ ಮಾಡಿ, ಮಧ್ಯಾಹ್ನಕ್ಕೆ ಹಾಲಿನ ಬೀಗ ಕೊಟ್ಟು ಹೋಗುತ್ತಾರೆ. ಮದುವೆ ಆಗುವ ಮೊದಲೇ ಆರತಕ್ಷತೆ ಯಾಕೆ ಎಂದು ನಮ್ಮ ಅಬ್ಬಿ ಕೊನೆಯವರೆಗೂ ಕೇಳುತ್ತಿದ್ದಳು. ನಿನ್ನ ಮದುವೆಯಲ್ಲಿ ಎರಡೂ ಕಡೆಯವರು ಕೂತು ಮಾತಾಡಿ ಮಧ್ಯಾಹ್ನ ಧಾರೆ, ಸಂಜೆ ಆರತಕ್ಷತೆ ಎಂದು ಒಪ್ಪಿಕೊಂಡಿದ್ದಾರೆ. ನಡುವೆ ಮೂರು ಗಂಟೆ ಸಿಗುತ್ತದೆ ಎಂದು ಹಾರಾಡಬೇಡ. ಸೀರೆ ಬದಲಿಸಲು, ಜಡೆ ಬಿಚ್ಚಿ ಕಟ್ಟಲು, ಬೆಂಗಳೂರಿನ ಟ್ರಾಫಿಕ್ಕಿಗೆ ಅದು ಸಾಲದು. ಮಧ್ಯದಲ್ಲಿ ಲಾಲ್‌ಬಾಗಿಗೆ ಹೋಗಿ ಬರುವ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರು.

ಎರಡು ಸಂಪ್ರದಾಯ ಸೇರುವಲ್ಲಿ ಪುರೋಹಿತರ ಹತ್ತಿರ ಮೊದಲೇ ಕೂತು ಯಾವುದರ ಮೇಲೆ ಯಾವುದು ಎಂದು ಬರೆದುಕೊ. ನಾನು ನೋಡಿದ ಮಂಡ್ಯ, ಮೈಸೂರು ಕಡೆಯ ಮದುವೆಗಳಲ್ಲಿ ಅಂತರಪಟ ಹಿಡಿದಿರುವಾಗ ಜೀರಿಗೆ ಬೆಲ್ಲ ಉಂಟು. ಪಟ ಸರಿದ ಅರ್ಧ ಕ್ಷಣದಲ್ಲಿ ಇಬ್ಬರೂ ಒಬ್ಬರ ತಲೆಗೊಬ್ಬರು ಇಡುತ್ತಾರೆ, ಯಾರು ಮೊದಲು ಎಂದು ಪೈಪೋಟಿ. ಆಗ ನೀನು ಮುಂದೆ ನಿಂತಿದ್ದರೆ ಬಟ್ಟೆಯ ಪಟ ಸಿಗುತ್ತದೆ, ಹಿಂದೆ ನಿಂತಿದ್ದರೆ ಒಬ್ಬರ ಬೆನ್ನು. ಬಟ್ಟೆ ಯಾವ ಗೆರೆಯಲ್ಲಿ ಹಿಡಿದಿದ್ದಾರೋ ಆ ಗೆರೆಯ ತುದಿಯಲ್ಲಿ ನಿಲ್ಲು, ಎರಡು ಮುಖವೂ ಸಿಗುತ್ತವೆ. ಧಾರೆಯ ಹೊತ್ತಿಗೂ ಅಲ್ಲಿ ಬಂದವರೆಲ್ಲ ಸಾಲಾಗಿ ಬಂದು ಮದುಮಕ್ಕಳ ಕೈಗೆ ಹಾಲು ಎರೆದು ಹೋಗುವ ರೂಢಿ. ಅದಕ್ಕೆ ನಿನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ. ಧಾರೆ ಗಿಂಡಿ ಒಂದೇ, ಹೆಣ್ಣಿನ ಅಪ್ಪ ಅಮ್ಮ ಹಿಡಿಯುತ್ತಾರೆ, ನೆಂಟರು ಒಬ್ಬರ ಮೇಲೊಬ್ಬರು ಬಗ್ಗಿ ಕೈ ತಾಗಿಸುತ್ತಾರೆ, ಗಟ್ಟಿಮೇಳ ಏಳುತ್ತದೆ, ನೀರು ಇಳಿಯುತ್ತದೆ, ಮುಗಿಯಿತು.

ಧಾರೆಯನ್ನು ಸಣ್ಣದು ಎಂದು ತಿಳಿಯಬೇಡ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಇಬ್ಬರಲ್ಲಿ ಯಾರ ಕಡೆಯ ರೂಢಿಯ ಶಾಸ್ತ್ರದಿಂದ ಮದುವೆ ಮಾಡಿದರೂ ಆಗುತ್ತದೆ ಎನ್ನುತ್ತದೆ. ಸಪ್ತಪದಿ ಇರುವವರಿಗೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ನಮ್ಮ ಕಡೆಯ ಬಂಟರ ಮದುವೆಯಲ್ಲಿ ಎಲ್ಲರೂ ಕಾಯುವುದು ಧಾರೆಗೆ. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟಿನಿಂದ ಹಿಂದೂ ಮದುವೆ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೋಂದಣಿಗೆ ಹೋದರೆ ಕಾಗದದ ಜತೆ ಮದುವೆಯ ಪಟವನ್ನೂ ಕೇಳುತ್ತಾರೆ. ಅಂದರೆ ಆ ಒಂದು ಪಟ ಸಾಕ್ಷಿಯೂ ಹೌದು. ಇಂಥ ಪಟವನ್ನೇ ನಾನು ಒಮ್ಮೆ ಕಳೆದೆ.

1988, ಮೇ ಕೊನೆ. ಮನೆಯಂಗಳ ಬೇಡ, ಮಳೆ ಬರಬಹುದು ಎಂದು ಒಂದು ಹಳೆಯ ಸಭಾಭವನದಲ್ಲಿ ಇಟ್ಟುಕೊಂಡಿದ್ದರು. ದಿಬ್ಬಣ ಇಳಿಯುವಾಗ ಹೊರಗೆ ಸಣ್ಣ ಬಿಸಿಲಿತ್ತು, ಷಟರನ್ನು ನೂರಿಪ್ಪತ್ತೈದಕ್ಕೆ ತಿರುಗಿಸಿ ನಾಲ್ಕು ಪಟ ತೆಗೆದೆ. ಒಳಗೆ ಬರುವಷ್ಟರಲ್ಲಿ ಮೋಡ ಕವಿದು, ಕರೆಂಟೂ ಹೋಗಿ, ಕತ್ತಲೆ ಬಸದಿಯೊಳಗೆ ಹೊಕ್ಕ ಹಾಗಾಯಿತು. ಫ್ಲಾಶ್ ಸಿಕ್ಕಿಸಿದೆ. ಪೆಂಟ್ಯಾಕ್ಸ್ ಕೆ-1000ಕ್ಕೆ ಫ್ಲಾಶ್ ಹಾಕಿದರೆ ಷಟರ್ ಅರವತ್ತನೇ ಒಂದಕ್ಕಿಂತ ವೇಗವಾಗಿ ಇರಬಾರದು. ಅದಕ್ಕಿಂತ ಹೆಚ್ಚಿದರೆ ಒಳಗಿನ ಬಟ್ಟೆಯ ಪರದೆ ಪೂರ್ತಿ ತೆರೆಯುವುದೇ ಇಲ್ಲ, ಸಂದು ಬಿಟ್ಟುಕೊಂಡು ಓಡುತ್ತದೆ. ಮಿಂಚು ಹೊಡೆದ ಕ್ಷಣಕ್ಕೆ ಯಾವ ಭಾಗ ತೆರೆದಿದೆಯೋ ಅಷ್ಟೇ ಪಟ. ಇದು ನನಗೆ ಗೊತ್ತಿಲ್ಲವೇ? ಬಾಯಿಪಾಠ ಬರುತ್ತಿತ್ತು. ಆದರೆ ಅವತ್ತು ಮದುಮಗಳ ಚಿಕ್ಕಪ್ಪ ಒಬ್ಬರು ನನ್ನ ಹೆಗಲು ಹಿಡಿದು "ಹ್ವಾಯ್, ನಮ್ದೊಂದ್ ಪಟ ತೆಗಿನಿ" ಎನ್ನುತ್ತಿದ್ದರು, ಪುರೋಹಿತರು ಅವಸರಿಸುತ್ತಿದ್ದರು, ಗುಂಡಿ ತಿರುಗಿಸಲು ಮರೆತೆ. ಬಣ್ಣದ ಫಿಲ್ಮು ತೊಳೆಯಲು ಪೇಟೆಗೆ ಹೋಗಿ ಪ್ರಿಂಟು ಬಂದದ್ದು ನಾಲ್ಕನೇ ದಿನ. ಧಾರೆಯ ಐದೂ ಪಟಗಳಲ್ಲಿ ಹೆಣ್ಣು ಚೆನ್ನಾಗಿ ಬಂದಿದ್ದಾಳೆ, ಕೈ ಬಂದಿದೆ, ಗಿಂಡಿಯ ಮೂತಿ ಬಂದಿದೆ. ಗಂಡು ಇರಬೇಕಾದಲ್ಲಿ ಮಸಿ. ಚೌಕಟ್ಟಿನ ಅರ್ಧ ಭಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಕಪ್ಪು.

ಆ ಮನೆಗೆ ಆಲ್ಬಮ್ ಕೊಡಲು ಹೋದ ದಿನ ಯಾರೂ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಸುಟ್ಟಿತು. ಹಣ ಬೇಡ ಎಂದೆ, ಅವರು ಕೊಟ್ಟೇ ಕಳಿಸಿದರು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ: ಧಾರೆಗೆ ಐದು ನಿಮಿಷ ಇರುವಾಗ ಯಾರ ಜೊತೆಗೂ ಮಾತಿಲ್ಲ. ಒಂದು ಕಂಬಕ್ಕೆ ಬೆನ್ನು ಕೊಟ್ಟು ನಿಂತು ಷಟರ್, ಅಪರ್ಚರ್, ಫಿಲ್ಮು ಎಷ್ಟು ಉಳಿದಿದೆ, ಫ್ಲಾಶಿನ ಕೆಂಪು ದೀಪ ಹತ್ತಿದೆಯೋ, ಇಷ್ಟನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುವುದು. ಜನ ನನಗೆ ದೇವರ ಧ್ಯಾನ ಎಂದುಕೊಂಡಿದ್ದರು. ನೀನೂ ಹಾಗೆ ನಿಲ್ಲು. ನಿನ್ನ ಕ್ಯಾಮರಾ ಎಷ್ಟೇ ಬುದ್ಧಿವಂತ ಆಗಿರಲಿ, ಬ್ಯಾಟರಿ ಮತ್ತು ಕಾರ್ಡು ಖಾಲಿಯಾಗುವುದು ಗಟ್ಟಿಮೇಳಕ್ಕೇ.

ಮುಹೂರ್ತಕ್ಕೆ ಮೊದಲಿನ ಬೆಳಗ್ಗೆಯ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಯಾಕೆಂದರೆ ನಮ್ಮ ಕಾಲದಲ್ಲಿ ಹೆಣ್ಣನ್ನು ಸಿಂಗರಿಸುವ ಕೋಣೆಯ ಬಾಗಿಲು ನಮಗೆ ತೆರೆಯುತ್ತಿರಲಿಲ್ಲ. ಫಿಲ್ಮಿಗೂ ಲೆಕ್ಕವಿತ್ತು. ಗುರುಗಳ ಯಾಶಿಕಾದಲ್ಲಿ ಒಂದು ಸುರುಳಿಗೆ 12 ಪಟ, ನನ್ನ ಪೆಂಟ್ಯಾಕ್ಸಿನಲ್ಲಿ 36. ಒಂದು ಮದುವೆಗೆ ಮೂರು ಸುರುಳಿ ಅಂದರೆ ದೊಡ್ಡ ಮನೆಯ ಮದುವೆ. ಕುಂಕುಮದ ಡಬ್ಬಿ, ಚಪ್ಪಲಿ, ನೇತುಹಾಕಿದ ಸೀರೆ ಇವನ್ನೆಲ್ಲ ತೆಗೆಯುವ ಕಲ್ಪನೆಯೇ ಇರಲಿಲ್ಲ. ನೀವು ತೆಗೆಯುತ್ತೀರಿ, ಕೆಲವು ಚಂದವೂ ಇರುತ್ತವೆ. ನನ್ನದು ಇಷ್ಟೇ: ಬಾಗಿಲು ತಟ್ಟದೆ ಒಳಗೆ ಹೋಗಬೇಡ, ಕರೆದ ಮೇಲೂ ಒಬ್ಬನೇ ಹೋಗಬೇಡ. ನಿನ್ನ ತಂಡದಲ್ಲಿ ಒಬ್ಬಳು ಹುಡುಗಿ ಇದ್ದರೆ ಆ ಕೋಣೆ ಅವಳದು. ಪ್ಲಾಸ್ಟಿಕ್ ಚೀಲ, ತೆರೆದ ಸೂಟ್‌ಕೇಸು, ಅರ್ಧ ತಿಂದ ಇಡ್ಲಿ ತಟ್ಟೆ ಇವನ್ನು ಪಟ ತೆಗೆಯುವ ಮೊದಲೇ ಪಕ್ಕಕ್ಕೆ ಸರಿಸು. ಹೆಣ್ಣನ್ನು ಕಿಟಕಿಯ ಹತ್ತಿರ ಕೂರಿಸಲು ಕೇಳಿಕೊ. ಬೇರೆ ದೀಪ ಬೇಡ.

ಮಲ್ಲಿಗೆಯ ಬಗ್ಗೆ ಮಾತ್ರ ಹೇಳಬಲ್ಲೆ. ಚೌಳಿಕೇರಿಯ ಹೆಣ್ಣು ಬೆಂಗಳೂರಿನಲ್ಲಿ ಮದುವೆಯಾದರೂ ಮುಡಿಯುವುದು ಶಂಕರಪುರದ ಹೂವೇ, ರಾತ್ರಿ ಬಸ್ಸಿನಲ್ಲಿ ಬಂದಿರುತ್ತದೆ. ಉಡುಪಿ ಮಲ್ಲಿಗೆ ಎಂದು 2008ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಇದಕ್ಕೇ. ಲೆಕ್ಕ ಚೆಂಡಿನಲ್ಲಿ, ಅಟ್ಟೆಯಲ್ಲಿ: 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಅದರ ದರ ಬಂಗಾರದ ಜೊತೆ ಓಡುತ್ತದೆ. ಹೊತ್ತು ಮೂಡುವಾಗ ಕೊಯ್ದು ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗು ಸಂಜೆಗೆ ಬಿರಿಯುತ್ತದೆ. ರಾತ್ರಿ ಕಳೆದು ಬಂದ ಹೂವು ಹೆಚ್ಚು ಹೊತ್ತು ಬಾಳದು. ಅದಕ್ಕೆ ಜಡೆಯ ಪಟ ಮೊದಲು ತೆಗೆ, ಒಡವೆ ಆಮೇಲೆ. ಬಂಗಾರ ರಾತ್ರಿಯೂ ಹಾಗೇ ಇರುತ್ತದೆ, ಮಲ್ಲಿಗೆ ಮಧ್ಯಾಹ್ನಕ್ಕೆ ಕಂದಿರುತ್ತದೆ.

ಈಗ ನಾನು ನಿನ್ನನ್ನು ಕೂರಿಸಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ನನ್ನ ಸ್ಟುಡಿಯೋಕ್ಕೆ ಇಷ್ಟು ವರ್ಷದಲ್ಲಿ ಮದುವೆಯ ಆಲ್ಬಮ್ ಹಿಡಿದುಕೊಂಡು ಬಂದವರು ಬಹಳ. ಮದುಮಕ್ಕಳ ಪಟ ದೊಡ್ಡದು ಮಾಡಿಸಲು ಬಂದವರು ಅವರಲ್ಲಿ ಕಡಿಮೆ. ಹೆಚ್ಚಿನವರು ಬಂದದ್ದು ಸಾವಾದ ಮರುದಿನ. ತೋಯ್ದ ಟವೆಲು ಹೆಗಲ ಮೇಲೆ, ಬೋಳಿಸಿದ ತಲೆ, ಕಂಕುಳಲ್ಲಿ ಯಾರದೋ ಮದುವೆಯ ಆಲ್ಬಮ್. ಪುಟ ತಿರುವಿ ತಿರುವಿ ಒಂದು ಗುಂಪಿನ ಪಟಕ್ಕೆ ಬಂದು ಹಿಂದಿನ ಸಾಲಿನಲ್ಲಿ ಬೆರಳು ಇಡುತ್ತಿದ್ದರು. "ಇವ್ರ್ ನಮ್ಮ ಅಪ್ಪಯ್ಯ. ಇದೊಂದೇ ಪಟ ಇಪ್ಪುದ್. ಇವ್ರನ್ನ್ ಮಾತ್ರ ತೆಗ್ದ್ ದೊಡ್ಡ ಮಾಡಿ ಕೊಡ್ತ್ರಿಯಾ?" ಉತ್ತರಕ್ರಿಯೆಗೆ ಹಾರ ಹಾಕಿಡಲು ಪಟ ಬೇಕು, ಪತ್ರಿಕೆಯಲ್ಲಿ ಹಾಕಲು ಬೇಕು. ಹನೆಹಳ್ಳಿಯಲ್ಲಿ, ಕಚ್ಚೂರಿನಲ್ಲಿ, ಬೆಣ್ಣೆಕುದ್ರುವಿನಲ್ಲಿ ಗೋಡೆಯ ಮೇಲೆ ನೇತಾಡುವ ಎಷ್ಟೋ ಅಜ್ಜ ಅಜ್ಜಿಯರು ಯಾರದೋ ಮದುವೆಯಿಂದ ನಾನು ಬಿಡಿಸಿ ತಂದವರು. ಪಕ್ಕದವರ ಹೆಗಲು ಸೇರಿಕೊಂಡಿರುತ್ತದೆ, ಅದನ್ನು ಕುಂಚದಲ್ಲಿ ಅಳಿಸಬೇಕು. ಬರಿ ಮೈಯಲ್ಲಿ ಶಾಲು ಹೊದ್ದು ನಿಂತವರಿಗೆ ಕೋಟು ಬರೆದು ಕೊಡಿ ಎಂದವರೂ ಇದ್ದಾರೆ, ಬರೆದಿದ್ದೇನೆ.

ಯೋಚಿಸಿ ನೋಡು, ಗದ್ದೆ ಕೆಲಸದ ಮುದುಕನೊಬ್ಬ ಒಗೆದ ಬಟ್ಟೆ ಹಾಕಿ, ಗಡ್ಡ ಹೆರೆದು, ಕ್ಯಾಮರಾ ಇರುವ ಜಾಗಕ್ಕೆ ಬರುವುದು ಎಲ್ಲಿಗೆ? ಮದುವೆಗೆ ಮಾತ್ರ. ಆ ದಿನ ನಾನು ಅವರನ್ನು ಮಸುಕಾಗಿ ತೆಗೆದಿದ್ದರೆ ಅವರು ಮುಂದೆ ಗೋಡೆಯ ಮೇಲೂ ಮಸುಕೇ. ಗುಂಪಿನ ಪಟ ಎಂದು ಬೇಸರದಿಂದ ಅಪರ್ಚರ್ ಪೂರ್ತಿ ತೆರೆದು ಹಿಂದಿನ ಸಾಲು ಮಂಜಾಗಿಸಿದ ಪಟಗಳು ನನ್ನವೂ ಇವೆ. ಅವುಗಳಲ್ಲಿ ಬೆರಳು ಇಟ್ಟವರಿಗೆ "ಆಗ್ತಿಲ್ಲೆ" ಎಂದು ಹೇಳಿ ಕಳಿಸಿದ್ದು ನನಗೆ ಇನ್ನೂ ಮರೆತುಹೋಗಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲು ಉಂಟು, ದಿನಕ್ಕೆ ನೂರು ಪಟ ತೆಗೆಯುತ್ತಾರೆ, ಹಾಗಾಗಿ ಇದು ಹಳೆಯ ಕತೆ ಎಂದು ನೀನು ಹೇಳಬಹುದು. ಮೊನ್ನೆ ಕೋಟೆಕೇರಿಯ ಒಬ್ಬ ಹುಡುಗ ಬಂದ. ಅಜ್ಜಿ ತೀರಿಹೋಗಿದ್ದರು, ಫೋನಿನಲ್ಲಿ ಅವರ ಇಪ್ಪತ್ತು ಪಟ. ಎಲ್ಲದರಲ್ಲೂ ಇವನ ಮುಖ ಮುಂದೆ ದೊಡ್ಡದು, ಅಜ್ಜಿ ಹಿಂದೆ ಕಿವಿಯ ಪಕ್ಕ ಕಾಲು ಭಾಗ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದದ್ದು, ದೊಡ್ಡದು ಮಾಡಿದರೆ ಚೌಕ ಚೌಕ. ಕೊನೆಗೆ ಐದು ವರ್ಷದ ಹಿಂದಿನ ಒಂದು ಮದುವೆಯ ಆಲ್ಬಮ್ಮಿನಲ್ಲಿ ಸೇಸೆ ಹಾಕುತ್ತಿರುವ ಅಜ್ಜಿ ಸಿಕ್ಕಿದರು. ಅಕ್ಕಿ ಕಾಳು ಗಾಳಿಯಲ್ಲಿದೆ, ಬೊಚ್ಚು ಬಾಯಿ ನಗುತ್ತಿದೆ. ಆ ಪಟ ಯಾರು ತೆಗೆದದ್ದೋ, ಅವರಿಗೆ ಒಳ್ಳೆಯದಾಗಲಿ.

ಆದ್ದರಿಂದ ಮದುಮಕ್ಕಳ ಕಡೆಗೆ ಮುಖ ಮಾಡಿ ನಿಂತಷ್ಟೇ ಹೊತ್ತು ಅವರಿಗೆ ಬೆನ್ನು ಮಾಡಿ ನಿಲ್ಲು. ಮೊದಲ ಎರಡು ಸಾಲಿನ ಕುರ್ಚಿಗಳಲ್ಲಿ ಕೂತ ಮುದುಕರನ್ನು ಒಬ್ಬೊಬ್ಬರಾಗಿ, ಅವರಿಗೆ ತಿಳಿಯುವ ಮೊದಲು ಒಂದು, ತಿಳಿದು ಶಾಲು ಸರಿಮಾಡಿಕೊಂಡ ಮೇಲೆ ಒಂದು. ಎರಡನೆಯದು ಗೋಡೆಗೆ, ಮೊದಲನೆಯದು ಮನೆಯವರಿಗೆ. ಗುಂಪಿನ ಪಟದಲ್ಲಿ ಅಪರ್ಚರ್ ಎಂಟಕ್ಕೆ ಇಳಿಸು, ಹಿಂದಿನವರನ್ನು ಬೆಂಚಿನ ಮೇಲೆ ನಿಲ್ಲಿಸು, ಮೂರು ಸಲ ತೆಗೆ. ಒಂದರಲ್ಲಿ ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ. ಯಾರು ಯಾರ ಅಜ್ಜಿ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಎರಡೂ ಕಡೆಯಿಂದ ಒಬ್ಬೊಬ್ಬ ಬಾಯಿ ಜೋರಿನ ಅತ್ತೆಯನ್ನು ಹಿಡಿದುಕೊ. ಹಿಂದಿನ ದಿನವೇ ಅವರ ಹತ್ತಿರ ಇಪ್ಪತ್ತು ಹೆಸರು ಬರೆಸಿಕೊ. ಅವರಿಗೆ ಗೊತ್ತಿರುವುದು ಮದುಮಕ್ಕಳಿಗೂ ಗೊತ್ತಿರುವುದಿಲ್ಲ: ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರನ್ನು ಯಾರ ಪಕ್ಕ ನಿಲ್ಲಿಸಬಾರದು, ಆಸ್ಪತ್ರೆಯಿಂದ ನೇರ ಬಂದು ಊಟಕ್ಕೆ ನಿಲ್ಲದೆ ಹೋಗುವವರು ಯಾರು. ಆ ಹೋಗುವವರ ಪಟ ಮೊದಲು.

ಊಟದ ಬಗ್ಗೆ ಎರಡೇ ಮಾತು. ಬಾಯಿಗೆ ತುತ್ತು ಹೋಗುವಾಗ ಯಾರನ್ನೂ ತೆಗೆಯಬೇಡ. ವಿಡಿಯೋ ಹೊಸದಾಗಿ ಬಂದ ಕಾಲದಲ್ಲಿ ಸಾವಿರ ವ್ಯಾಟಿನ ದೀಪ ಹೊತ್ತುಕೊಂಡು ಪಂಕ್ತಿಯುದ್ದಕ್ಕೂ ನಡೆದು ಸಾರು ಸುರಿಯುವ ಗಲ್ಲಗಳನ್ನೆಲ್ಲ ತೆಗೆದು ಊರಿಗೆಲ್ಲ ತೋರಿಸಿದೆವು, ಆ ಪಾಪ ಸಾಕು. ಎರಡನೆಯದು, ನೀನು ಉಣ್ಣು. ಕೊನೆಯ ಪಂಕ್ತಿ ಎಂದು ಕಾದರೆ ಅನ್ನ ಇರುತ್ತದೆ, ಹೋಳಿಗೆ ಇರುವುದಿಲ್ಲ, ಸಂಜೆಯ ಆರತಕ್ಷತೆಗೆ ಕೈ ನಡುಗುತ್ತದೆ. ಒಪ್ಪಂದ ಬರೆಯುವಾಗಲೇ ತಂಡಕ್ಕೆ ಊಟದ ಹೊತ್ತು ಇಷ್ಟು ಎಂದು ಬರೆಸು. ನಾಚಿಕೆ ಎಂತದ್ದು?

ಆರತಕ್ಷತೆ ನನಗೆ ಇಷ್ಟವಿಲ್ಲದ ಭಾಗ, ಅದಕ್ಕೆ ಬೇಗ ಹೇಳಿ ಮುಗಿಸುತ್ತೇನೆ. ಐನೂರು ಜನ ಸಾಲಲ್ಲಿ, ಒಬ್ಬೊಬ್ಬರಿಗೆ ಎಂಟು ಹತ್ತು ಸೆಕೆಂಡು, ಕವರು, ನಗು, ಕೆಳಗೆ. ಆ ಎಂಟು ಸೆಕೆಂಡಿಗೆ ಅವರು ಮಾಗಡಿ ರಸ್ತೆಯಲ್ಲಿ ಒಂದೂವರೆ ಗಂಟೆ ಕೂತು ಬಂದಿರುತ್ತಾರೆ, ಹಾಗಾಗಿ ನೀನು ಫೋನು ನೋಡುತ್ತಾ ಗುಂಡಿ ಒತ್ತಬಾರದು. ವೇದಿಕೆಯ ದೀಪ ಸರಿಮಾಡಿ ಒಂದು ಕ್ಯಾಮರಾವನ್ನು ಸ್ಟ್ಯಾಂಡಿಗೆ ಹಾಕಿ ಸಹಾಯಕನಿಗೆ ಕೊಡು. ಹೆಣ್ಣಿನ ಕಾಲು ನೋಡು, ಎತ್ತರದ ಹಿಮ್ಮಡಿಯಲ್ಲಿ ಎರಡು ಗಂಟೆಯಾದರೆ ಅವಳ ನಗು ಹಲ್ಲಿಗೆ ಮಾತ್ರ ಇರುತ್ತದೆ. ಮಧ್ಯೆ ನೀನೇ "ಲೈಟ್ ಸರಿ ಮಾಡಬೇಕು, ಐದು ನಿಮಿಷ" ಎಂದು ಸುಳ್ಳು ಹೇಳಿ ಸಾಲು ನಿಲ್ಲಿಸು, ಅವರು ಕೂತು ನೀರು ಕುಡಿಯಲಿ. ನಾನು ಹೇಳಿದ ಸುಳ್ಳುಗಳಲ್ಲಿ ಇದಕ್ಕೆ ಮಾತ್ರ ಪಶ್ಚಾತ್ತಾಪ ಇಲ್ಲ.

ಮದುಮಕ್ಕಳನ್ನು ಸಿನೆಮಾ ಮಾಡಿಸುವ ಚಟ ಬೇಡ. ನಮ್ಮ ಮರವಂತೆಗೆ ಬಂದು ನೋಡು, ಒಂದು ಬದಿ ಸಮುದ್ರ, ಒಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ, ಹೆದ್ದಾರಿಯ ನಡುವೆ ಉದ್ದ ಗೌನಿನ ಹುಡುಗಿ ಓಡುತ್ತಿರುತ್ತಾಳೆ, ಹಿಂದೆ ಲಾರಿ. ಮೇಲೆ ಡ್ರೋನು. 2021ರ ಡ್ರೋನ್ ನಿಯಮ ಓದಿದವರು ಅವರಲ್ಲಿ ಎಷ್ಟು ಜನ? 250 ಗ್ರಾಂ ದಾಟಿದ ಯಂತ್ರವಾದರೆ ದುಡಿಮೆಗಾಗಿ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಕು. ಬಾರ್ಕೂರಿನ ಹಳೆ ಗುಡಿಗಳಿಗೂ ಈಗ ಬರುತ್ತಾರೆ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದ ಊರು ಎಂದು ಹೇಳಿಕೊಳ್ಳುತ್ತೇವೆ, ಉಳಿದ ಕಲ್ಲುಗಳ ಮೇಲೆ ಬೂಟು ಹಾಕಿ ಹತ್ತಿಸಬೇಡಿ ಎಂದು ನಿನ್ನ ಸ್ನೇಹಿತರಿಗೆ ಹೇಳು.

ರಾತ್ರಿ ಎಷ್ಟು ಹೊತ್ತಾದರೂ ಕಾರ್ಡಿನಲ್ಲಿ ಇರುವುದನ್ನು ಎರಡು ಕಡೆ ಇಳಿಸದೆ ಮಲಗಬೇಡ. ಎರಡು ಕಾರ್ಡಿನ ಕ್ಯಾಮರಾ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಡು. ಎರಡು ಪ್ರತಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವುದು ಒಂದೇ ಪ್ರತಿ ಇದ್ದ ಹಾಗೆಯೇ. ಹೇಳಿದ ದಿನಕ್ಕೆ ಕೊಡು. ನಾಲ್ಕು ಸಾವಿರ ಪಟ ಕೊಟ್ಟರೆ ಅವರು ಒಂದನ್ನೂ ನೋಡುವುದಿಲ್ಲ, ಆರಿಸುವ ಕೂಲಿಯೂ ನಿನ್ನ ದರದೊಳಗೆ ಸೇರಿದ್ದು. ಪೆನ್‌ಡ್ರೈವ್ ಕೊಟ್ಟು ಕೈ ತೊಳೆಯಬೇಡ, ಕಾಗದದ ಮೇಲೆ ನೂರಾದರೂ ಹಾಕಿಸಿ ಕೊಡು. ನಮ್ಮ ಕರಾವಳಿಯ ಮಳೆಗೆ ಗಾಜಿಗೆ ಅಂಟಿದ ಪಟ ಬಿಡಿಸಲು ಬಾರದು, ಮಧ್ಯೆ ಒಂದು ಅಂಚು ಕಾಗದ ಇಟ್ಟು ಕಟ್ಟು ಹಾಕಿಸು. ಗುರುಗಳು ತೊಳೆದ 1960ರ ದಶಕದ ಕಪ್ಪು ಬಿಳುಪು ಪಟಗಳು ಇನ್ನೂ ಗಟ್ಟಿಯಾಗಿವೆ. ನಾನು ಹೆಮ್ಮೆಯಿಂದ ಕೊಟ್ಟ ಎಂಬತ್ತರ ದಶಕದ ಬಣ್ಣದವು ಕೆಂಪಗೆ ತಿರುಗಿ ಎಲ್ಲರೂ ವೀಳ್ಯ ತಿಂದವರಂತೆ ಕಾಣುತ್ತಾರೆ.

ಇನ್ಸ್ಟಾಗ್ರಾಮಿಗೆ ಹಾಕುವ ಮೊದಲು ಕೇಳು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಪಟದ ಮೊದಲ ಒಡೆಯ ತೆಗೆಸಿದವನೇ, ತೆಗೆದವನಲ್ಲ. ಕಾನೂನು ಬಿಡು, ಕನ್ನಡಿ ಎದುರು ಅತ್ತ ಹುಡುಗಿಯ ಪಟ ಅವಳದು.

ಇಷ್ಟು ಹೇಳಿ ಒಂದು ವಿಷಯ ಬಾಕಿ ಇಟ್ಟಿದ್ದೇನೆ. ನೀನು ಹೆಸರು ಹೇಳಿದ ಕೂಡಲೇ ನನಗೆ ಗೊತ್ತಾಯಿತು, ಫೋನಿನಲ್ಲಿ ಹೇಳಲಿಲ್ಲ. 1988ರ ಮೇ ತಿಂಗಳಲ್ಲಿ ನನ್ನ ಪಟದ ಬೆಳಕಿನ ಅರ್ಧದಲ್ಲಿ ನಿಂತಿದ್ದ ಹೆಣ್ಣು ಇದೇ ಮದುಮಗಳ ತಾಯಿ. ಕಪ್ಪಿನಲ್ಲಿ ಹೋದವರು ತಂದೆ. ಮಗಳಿಗೆ ಧಾರೆ ಎರೆಯಲು ಆ ಇಬ್ಬರೂ ಒಂದೇ ಗಿಂಡಿಗೆ ಕೈ ಇಟ್ಟು ನಿಲ್ಲುತ್ತಾರೆ. ನೀರು ಬೀಳುವ ಕೈಗಳ ಪಟ ಎಲ್ಲರೂ ತೆಗೆಯುತ್ತಾರೆ, ನಿನ್ನ ಸಹಾಯಕ ಅದನ್ನು ತೆಗೆಯಲಿ. ನೀನು ಎರಡು ಹೆಜ್ಜೆ ಎಡಕ್ಕೆ ಸರಿದು ಗಿಂಡಿ ಹಿಡಿದವರನ್ನು ತೆಗೆ, ಇಬ್ಬರನ್ನೂ, ತಲೆಯಿಂದ ಕಾಲಿನವರೆಗೆ. ಫ್ಲಾಶ್ ಹಾಕುವುದಾದರೆ ಷಟರ್ ಇನ್ನೂರನೇ ಒಂದಕ್ಕಿಂತ ಮೇಲೆ ಹೋಗದಿರಲಿ. ಹತ್ತಕ್ಕೆ ಹನ್ನೆರಡು ಇಂಚಿನ ಪ್ರಿಂಟು ಹಾಕಿಸಿ ಮೊದಲು ನನಗೆ ಕಳಿಸು. ಕಟ್ಟು ನಾನೇ ಹಾಕಿಸುತ್ತೇನೆ. ಹಬ್ಬಕ್ಕೆ ಅವರು ಊರಿಗೆ ಬರುತ್ತಾರಂತೆ, ಚೌಳಿಕೇರಿಗೆ ನಡೆದುಕೊಂಡೇ ಹೋಗಿ ಕೊಟ್ಟು ಬರುತ್ತೇನೆ.